ಗಾಡಿ ಎತ್ತರ ಆಯ್ತು, ಸೊಂಟದ ಗತಿ ಏನು?

ಜೀಪು, ಜಿಪ್ಸಿ, ಥಾರ್ ಇಟ್ಟುಕೊಂಡವರು ನಾಲ್ಕು ಜನ ಒಂದು ಕಡೆ ಸೇರಿದ್ರೆ ಐದೇ ನಿಮಿಷದಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ. "ಎಷ್ಟು ಇಂಚು ಲಿಫ್ಟು?" ಎರಡು ಅಂದ್ರೆ ಪರವಾಗಿಲ್ಲ, ಮೂರು ಅಂದ್ರೆ ಭೇಷ್, ನಾಲ್ಕು ಅಂದ್ರೆ ಎದ್ದು ಬಂದು ಗಾಡಿ ಕೆಳಗೆ ಬಗ್ಗಿ ನೋಡ್ತಾರೆ. ಆದ್ರೆ "ಹಿಂದಿನ ಸೀಟಲ್ಲಿ ಕೂತವರು ಏನಂತಾರೆ?" ಅಂತ ಕೇಳಿದವರನ್ನ ನಾನಂತೂ ಇದುವರೆಗೆ ನೋಡಿಲ್ಲ. ಕೂತವರು ಏನೂ ಹೇಳಲ್ಲ ಬಿಡಿ, ಅವರು ಮೇಲಿನ ಕಂಬಿ ಹಿಡ್ಕೊಂಡು ನಾಲಿಗೆ ಕಚ್ಚಿಕೊಳ್ಳದ ಹಾಗೆ ಬಾಯಿ ಮುಚ್ಚಿಕೊಂಡಿರ್ತಾರೆ :-)

ಎತ್ತರಿಸಿದ ಗಾಡಿ ಅಂದ್ಮೇಲೆ ಎತ್ತಿಹಾಕೋದು ಸಹಜ, ಆಫ್‌ರೋಡ್ ಗಾಡಿಗೆ ಮೆತ್ತಗಿನ ಸವಾರಿ ಯಾಕೆ, ಅದು ಬೇಕಿದ್ರೆ ಕಾರು ತಗೋಬೇಕಿತ್ತು... ಇದು ನಮ್ಮಲ್ಲಿ ಬೇರೂರಿರೋ ನಂಬಿಕೆ. ನನ್ನ ತಕರಾರು ಇದರ ಮೇಲೇ. ಗಾಡಿ ಎತ್ತಿಹಾಕೋದಕ್ಕೆ ಅದರ ಎತ್ತರ ಕಾರಣ ಅಲ್ಲ, ಅದನ್ನ ಎತ್ತಿದ ರೀತಿ ಕಾರಣ. ನಾವು ಗಾಡಿಯನ್ನ ಎತ್ತರ ಮಾಡಲ್ಲ, ಗಟ್ಟಿ ಮಾಡ್ತೀವಿ. ಗಟ್ಟಿಯಾದ್ದರಿಂದ ಅದು ಎತ್ತರ ಆಗುತ್ತೆ. ಇವೆರಡಕ್ಕೂ ಇರೋ ವ್ಯತ್ಯಾಸ ಗೊತ್ತಾದ್ರೆ ಅರ್ಧ ಸಮಸ್ಯೆ ಬಗೆಹರಿದ ಹಾಗೆ.

ಪೇಟೆಯವರಿಗೆ ಇದು ಭಾನುವಾರದ ಶೋಕಿ ಇರಬಹುದು. ಮಲೆನಾಡಲ್ಲಿ ಹಾಗಲ್ಲ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆ ಒಳಗಿನ ಮನೆಗಳಿಗೆ ಮಳೆಗಾಲದಲ್ಲಿ ಇವತ್ತಿಗೂ ಜೀಪೇ ಗತಿ. ತೋಟದ ಆಳುಗಳು ಹೋಗೋದು ಅದರಲ್ಲೇ, ಕಾಫಿ ಮೂಟೆ ಬರೋದು ಅದರಲ್ಲೇ, ರಾತ್ರಿ ಹೊತ್ತಲ್ಲಿ ಬಸುರಿ ಹೆಂಗಸರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದೂ ಅದರಲ್ಲೇ. ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಜೀಪಲ್ಲಿ ಹತ್ತಿದವರಿಗೆ ನಾನು ಬೇರೆ ಉದಾಹರಣೆ ಕೊಡಬೇಕಾಗಿಲ್ಲ. ಅಲ್ಲಿ ಓಡಿಸೋರು ದಿನಕ್ಕೆ ಎಷ್ಟು ಸಲ ಆ ದಾರಿ ಹತ್ತಿ ಇಳೀತಾರೋ, ಅವರ ಬೆನ್ನಿನ ಗತಿ ಯೋಚಿಸಿ. ಸವಾರಿ ಹಿತವಾಗಿರಬೇಕು ಅನ್ನೋದು ಇಲ್ಲಿ ಸುಖದ ಮಾತಲ್ಲ, ಆರೋಗ್ಯದ ಮಾತು. ಮನುಷ್ಯನ ಮೈಮೇಲೆ ಕಂಪನದ ಪರಿಣಾಮ ಅಳೆಯೋಕೆ ಐಎಸ್‌ಒ 2631 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ. ಮೇಲೆ ಕೆಳಗೆ ಕುಲುಕೋ ಕಂಪನದಲ್ಲಿ ಸೆಕೆಂಡಿಗೆ ಸುಮಾರು 4ರಿಂದ 8 ಸಲ ಆಗೋದು ನಮ್ಮ ಮೈಗೆ ಅತಿ ಹೆಚ್ಚು ತಾಗೋದು. ಹೊಟ್ಟೆ, ಬೆನ್ನುಮೂಳೆ ಎಲ್ಲಾ ಆ ಲಯಕ್ಕೆ ತಾವೂ ಕುಣಿಯೋಕೆ ಶುರು ಮಾಡ್ತವೆ. ಒಳ್ಳೇ ಕಾರು ಸೆಕೆಂಡಿಗೆ ಒಂದು, ಒಂದೂಕಾಲು ಸಲ ತೂಗುತ್ತೆ, ಹೆಚ್ಚುಕಮ್ಮಿ ತೊಟ್ಟಿಲಿನ ಲಯ. ಸ್ಪ್ರಿಂಗ್ ಗಟ್ಟಿ ಆಗ್ತಾ ಹೋದ ಹಾಗೆ ಗಾಡಿ ತೊಟ್ಟಿಲು ಬಿಟ್ಟು ಜರಡಿ ಆಗ್ತಾ ಹೋಗುತ್ತೆ.

ನಿಮ್ಮ ಗಾಡಿ ಎಲ್ಲಿದೆ ಅಂತ ಮನೆ ಅಂಗಳದಲ್ಲೇ ಕಂಡುಹಿಡೀಬಹುದು. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರುವಾಗ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನ ತನಕ ಟೇಪ್ ಹಿಡಿದು ಬರ್ಕೊಳ್ಳಿ. ಆಮೇಲೆ ಚಾಸಿಸ್‌ಗೆ (ಆಕ್ಸಲ್‌ಗೆ ಅಲ್ಲ) ಜಾಕ್ ಕೊಟ್ಟು ಎತ್ತಿ. ಚಕ್ರ ನೆಲ ಬಿಟ್ಟು ಜೋತಾಡುವಾಗ ಮತ್ತೆ ಅಳೀರಿ. ಶಾಕ್ ಅಬ್ಸಾರ್ಬರ್ ಗಿಡ್ಡ ಇದ್ರೆ ಅದು ಚಕ್ರವನ್ನ ಪೂರ್ತಿ ಇಳಿಯೋಕೆ ಬಿಡಲ್ಲ, ಹಾಗಾಗಿ ಅದರ ಕೆಳಗಿನ ಬೋಲ್ಟ್ ಬಿಚ್ಚಿ ಅಳೆಯೋದು ಸರಿ. ಕೆಳಗೆ ಸ್ಟ್ಯಾಂಡ್ ಇಡದೆ ಕೈ ಹಾಕಬೇಡಿ ಮತ್ತೆ! ಎರಡು ಅಳತೆಗಳ ವ್ಯತ್ಯಾಸ ಅಂದ್ರೆ ಗಾಡಿಯ ಭಾರಕ್ಕೆ ಸ್ಪ್ರಿಂಗ್ ಎಷ್ಟು ಬಗ್ಗಿದೆ ಅನ್ನೋದು. ಅದು 25 ಸೆಂಟಿಮೀಟರ್ ಇದ್ರೆ ಗಾಡಿ ಸೆಕೆಂಡಿಗೆ ಒಂದು ಸಲ ತೂಗುತ್ತೆ. 11 ಇದ್ರೆ ಒಂದೂವರೆ ಸಲ. 6 ಇದ್ರೆ ಎರಡು ಸಲ. ಇದು ಹೈಸ್ಕೂಲ್ ಭೌತಶಾಸ್ತ್ರ, ಯಾವ ಕಂಪನಿ ಗಾಡಿಗೂ ಒಂದೇ ಲೆಕ್ಕ.

ಈಗ ನೋಡಿ ಮಜಾ. ಸ್ಪ್ರಿಂಗ್ 10 ಸೆಂಟಿಮೀಟರ್ ಬಗ್ಗಿದ್ದ ಗಾಡಿಯನ್ನ ಬರೀ ಸ್ಪ್ರಿಂಗ್ ಗಟ್ಟಿ ಮಾಡಿ 5 ಸೆಂಟಿಮೀಟರ್, ಅಂದ್ರೆ ಎರಡು ಇಂಚು ಎತ್ತಿದಿರಿ ಅಂತಿಟ್ಕೊಳ್ಳಿ. ಅದೇ ಭಾರಕ್ಕೆ ಈಗ 5 ಸೆಂಟಿಮೀಟರ್ ಮಾತ್ರ ಬಗ್ಗುತ್ತೆ. ಅಂದ್ರೆ ಸ್ಪ್ರಿಂಗ್ ಎರಡು ಪಟ್ಟು ಗಟ್ಟಿ. ಕುಲುಕು ಸೆಕೆಂಡಿಗೆ 1.6ರಿಂದ 2.2ಕ್ಕೆ ಏರಿತು. ಇನ್ನೊಂದು ಕಡೆ ಗುಂಡಿ ಬಂದಾಗ ಚಕ್ರ ಕೆಳಗಿಳಿಯೋಕೆ ಇದ್ದ ಜಾಗ ಅರ್ಧ ಆಯ್ತು. ಎರಡು ಇಂಚು ಎತ್ತರಕ್ಕೆ ಕೊಟ್ಟ ಬೆಲೆ ಇದು. ಅದೇ ಎರಡು ಇಂಚನ್ನ ಸ್ಪ್ರಿಂಗಿನ ಗಡಸು ಹಾಗೇ ಇಟ್ಟು, ಬಿಲ್ಲಿನ ಬಾಗು ಹೆಚ್ಚಿಸಿ ತಂದಿದ್ರೆ? ಆಗಲೂ ಅದು 10 ಸೆಂಟಿಮೀಟರೇ ಬಗ್ಗುತ್ತೆ, ಸವಾರಿಯ ಲಯ ಬದಲಾಗಲ್ಲ.

ಹಾಗಾದ್ರೆ ಎಲ್ಲರೂ ಗಟ್ಟಿ ಯಾಕೆ ಮಾಡ್ತಾರೆ? ಅಗ್ಗ ಅದಕ್ಕೆ. ನಮ್ಮ ಹಳೇ ಜೀಪುಗಳಿಗೆ, 1985ರಲ್ಲಿ ಬಂದ ಜಿಪ್ಸಿಗೆ, ಮುಂದೆ ಹಿಂದೆ ಎರಡೂ ಕಡೆ ಇರೋದು ಪ್ಲೇಟ್ ಸ್ಪ್ರಿಂಗು. ಯಾವ ಗ್ಯಾರೇಜಿಗೆ ಹೋದ್ರೂ "ಸಾರ್, ಒಂದು ಪ್ಲೇಟ್ ಎಕ್ಸ್‌ಟ್ರಾ ಹಾಕ್ಬಿಡೋಣ, ಎದ್ದು ನಿಲ್ಲುತ್ತೆ" ಅಂತಾರೆ. ಆ ಪ್ಲೇಟ್ ಎಲ್ಲಿಂದ ಬರುತ್ತೆ? ಗುಜರಿಯಲ್ಲಿ ಬಿದ್ದ ಯಾವುದೋ ದೊಡ್ಡ ಗಾಡಿಯ ಸೆಟ್ಟಿಂದ. ಇಲ್ಲೊಂದು ಲೆಕ್ಕ ಯಾರೂ ಹೇಳಲ್ಲ. ಪ್ಲೇಟಿನ ಗಡಸು ಅದರ ದಪ್ಪಕ್ಕೆ ತಕ್ಕ ಹಾಗೆ ನೇರ ಏರಲ್ಲ, ದಪ್ಪದ ಘನಕ್ಕೆ ತಕ್ಕ ಹಾಗೆ ಏರುತ್ತೆ. 6 ಎಂ.ಎಂ. ಪ್ಲೇಟಿನ ಜಾಗದಲ್ಲಿ 8 ಎಂ.ಎಂ. ಪ್ಲೇಟ್ ಬಂದ್ರೆ ಅದೊಂದೇ ಹೆಚ್ಚುಕಮ್ಮಿ ಎರಡೂವರೆ ಪ್ಲೇಟಿನಷ್ಟು ಗಟ್ಟಿ. 12 ಎಂ.ಎಂ. ಹಾಕಿದ್ರೆ ಎಂಟು ಪ್ಲೇಟಿಗೆ ಸಮ! ಉದ್ದದ್ದು ಉಲ್ಟಾ ಲೆಕ್ಕ. ಸ್ಪ್ರಿಂಗ್ ನೂರಕ್ಕೆ ಹತ್ತರಷ್ಟು ಉದ್ದ ಆದ್ರೆ ಗಡಸು ಕಾಲು ಭಾಗ ಇಳಿಯುತ್ತೆ. ಆದ್ದರಿಂದ ತೆಳ್ಳಗಿನ ಪ್ಲೇಟು, ಉದ್ದ ಸ್ಪ್ರಿಂಗು, ಇದು ಸೂತ್ರ. ನಾವು ಮಾಡೋದು ಗಿಡ್ಡ ಸ್ಪ್ರಿಂಗಿಗೆ ದಪ್ಪ ಪ್ಲೇಟು.

ಪ್ಲೇಟ್ ಸೆಟ್ಟಿನಲ್ಲಿ ಇನ್ನೊಂದು ಕಳ್ಳ ಇದ್ದಾನೆ. ಉಜ್ಜಾಟ. ಗಾಡಿ ಕುಣಿದಾಗ ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು. ಎರಡು ಮಳೆಗಾಲ ಕಳೆದ ಮೇಲೆ ಅವುಗಳ ಮಧ್ಯೆ ತುಕ್ಕು, ಕೆಮ್ಮಣ್ಣು ಸೇರಿ ಪ್ಲೇಟುಗಳೆಲ್ಲ ಅಂಟಿಕೊಂಡು ಒಂದೇ ಕಬ್ಬಿಣದ ದಿಮ್ಮಿ ಥರ ಆಗಿರುತ್ತೆ. ದೊಡ್ಡ ಗುಂಡಿಗೆ ಬಿದ್ದಾಗ ಆ ಹಿಡಿತ ಬಿಟ್ಟು ಜಾರುತ್ತೆ, ಪರವಾಗಿಲ್ಲ. ಆದ್ರೆ ಡಾಂಬರು ರಸ್ತೆಯ ಸಣ್ಣ ಸಣ್ಣ ತಗ್ಗುದಿಣ್ಣೆಗೆ ಆ ಬಲ ಸಾಲಲ್ಲ, ಸ್ಪ್ರಿಂಗ್ ಅಲ್ಲಾಡೋದೇ ಇಲ್ಲ. ಆಗ ಸ್ಪ್ರಿಂಗಿನ ಕೆಲಸ ಮಾಡೋದು ಟೈರ್ ಒಂದೇ. "ಹೈವೇನಲ್ಲಿ ಕಿರಿಕಿರಿ, ಕಾಡಲ್ಲಿ ಪರವಾಗಿಲ್ಲ" ಅಂತ ಯಾರಾದ್ರೂ ಹೇಳಿದ್ರೆ ಮೊದಲು ಅನುಮಾನ ಪಡಬೇಕಾದ್ದು ಇಲ್ಲೇ. ಸೆಟ್ ಬಿಚ್ಚಿಸಿ, ಒಂದೊಂದು ಪ್ಲೇಟನ್ನೂ ವೈರ್ ಬ್ರಷ್ಷಲ್ಲಿ ಉಜ್ಜಿಸಿ, ತುದಿಗಳ ಚೂಪು ಅಂಚನ್ನ ಗ್ರೈಂಡರ್ ಹಿಡಿದು ಮೊಂಡು ಮಾಡಿಸಿ, ಗ್ರಾಫೈಟ್ ಹಚ್ಚಿಸಿ ಮತ್ತೆ ಕಟ್ಟಿಸಿ. ಪ್ಲೇಟ್ ತುದಿಗಳ ಮಧ್ಯೆ ನೈಲಾನ್ ತುಂಡು ಇಡೋದು ಇನ್ನೂ ಒಳ್ಳೇದು. ಬರೀ ಗ್ರೀಸ್ ಮೆತ್ತಿದ್ರೆ ಧೂಳು ಕುಡಿದು ಮರಳು ಕಾಗದ ಆಗುತ್ತೆ, ಅದು ಬೇಡ. ಇಷ್ಟಕ್ಕೆ ಹೊಸ ಸಾಮಾನು ಹೆಚ್ಚೇನೂ ಬೇಡ, ಒಂದು ದಿನದ ಕೂಲಿ. ಆದ್ರೆ ಇದನ್ನ ಮಾಡಿಸಿದೆ ಅಂತ ಹೇಳಿದ್ರೆ ಯಾರೂ ಭೇಷ್ ಅನ್ನಲ್ಲ, ಹೊರಗೆ ಏನೂ ಕಾಣಲ್ಲವಲ್ಲ!

ಪ್ಯಾರಾಬೋಲಿಕ್ ಸ್ಪ್ರಿಂಗ್ ಅನ್ನೋದು ಇದೇ ಉಜ್ಜಾಟಕ್ಕೆ ಕಂಡುಕೊಂಡ ಉಪಾಯ. ಎರಡೋ ಮೂರೋ ಪ್ಲೇಟು, ನಡುವೆ ದಪ್ಪ, ತುದಿಗೆ ಹೋಗ್ತಾ ಹೋಗ್ತಾ ತೆಳು. ನಡುವಲ್ಲಿ ಮತ್ತೆ ತುದಿಯಲ್ಲಿ ಮಾತ್ರ ಒಂದಕ್ಕೊಂದು ತಾಗ್ತವೆ. ದುಡ್ಡಿದ್ರೆ ಪ್ಲೇಟ್ ಗಾಡಿಗೆ ಇದಕ್ಕಿಂತ ಒಳ್ಳೇ ಖರ್ಚು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಒಂದು ಮಾತು, ಉಜ್ಜಾಟ ಹೋದ ಮೇಲೆ ಕುಣಿತ ತಡೆಯೋ ಪೂರ್ತಿ ಜವಾಬ್ದಾರಿ ಶಾಕ್ ಅಬ್ಸಾರ್ಬರಿನದ್ದು. ಹಳೇ ಶಾಕ್ ಹಾಗೇ ಬಿಟ್ರೆ ಗಾಡಿ ದೋಣಿ ಥರ ತೇಲುತ್ತೆ.

ಶ್ಯಾಕಲ್ ಬಗ್ಗೆ ಹೇಳಲೇಬೇಕು. ಸ್ಪ್ರಿಂಗ್ ತುದಿಯನ್ನ ಚಾಸಿಸ್‌ಗೆ ಜೋಡಿಸೋ ಆ ಎರಡು ಪಟ್ಟಿಗಳು. ಸ್ಪ್ರಿಂಗ್ ಬಗ್ಗಿದಾಗ ಉದ್ದ ಆಗುತ್ತೆ, ಆ ಉದ್ದಕ್ಕೆ ಶ್ಯಾಕಲ್ ಹಿಂದೆ ಮುಂದೆ ತೂಗಿ ಜಾಗ ಕೊಡಬೇಕು. ಬಾಗು ಜಾಸ್ತಿ ಮಾಡಿಸಿದ ಸ್ಪ್ರಿಂಗಲ್ಲಿ ಎರಡು ಕಣ್ಣುಗಳ ಮಧ್ಯದ ದೂರ ಕಡಿಮೆ ಆಗಿ ಶ್ಯಾಕಲ್ ನೆಟ್ಟಗೆ ನಿಂತುಬಿಡುತ್ತೆ, ಕೆಲವು ಸಲ ಒಳಮುಖ ವಾಲಿರುತ್ತೆ. ಆಗ ಪ್ಲೇಟ್ ಎಷ್ಟೇ ಮೆತ್ತಗಿದ್ರೂ ಮೊದಲ ಏಟು ಕೋಲಲ್ಲಿ ಹೊಡೆದ ಹಾಗೇ ಬರುತ್ತೆ. ಗಾಡಿ ಭಾರ ಬಿದ್ದು ನಿಂತಾಗ ಶ್ಯಾಕಲ್ ಸ್ಪ್ರಿಂಗಿನಿಂದ ಆಚೆಗೆ ಚೆನ್ನಾಗಿ ಓರೆಯಾಗಿ ನಿಲ್ಲಬೇಕು. ಇನ್ನು ಉದ್ದ ಶ್ಯಾಕಲ್ ಹಾಕಿ ಎತ್ತೋದು ಇನ್ನೊಂದು ಅಗ್ಗದ ದಾರಿ. ಎರಡು ಇಂಚು ಉದ್ದ ಮಾಡಿದ್ರೆ ಸಿಗೋದು ಒಂದೇ ಇಂಚು. ಅದರ ಜೊತೆಗೆ ಆಕ್ಸಲ್ ತಿರುಚಿಕೊಳ್ಳೋದ್ರಿಂದ ಮುಂದಿನ ಚಕ್ರದ ಕ್ಯಾಸ್ಟರ್ ಕೋನ ಕೆಟ್ಟು ಸ್ಟೀರಿಂಗ್ ಅಲೆಯೋಕೆ ಶುರು ಆಗುತ್ತೆ.

ಬುಷ್ ಬೋಲ್ಟ್ ಬಿಗಿಯೋ ವಿಷಯ ಸಣ್ಣದು ಅನ್ನಿಸಬಹುದು, ಆದ್ರೆ ಹತ್ತಕ್ಕೆ ಎಂಟು ಕಡೆ ತಪ್ಪು ಮಾಡ್ತಾರೆ. ಗಾಡಿ ಜಾಕ್ ಮೇಲಿದ್ದು ಚಕ್ರ ಜೋತಾಡ್ತಿರುವಾಗಲೇ ಶ್ಯಾಕಲ್ ಬೋಲ್ಟ್‌ಗಳನ್ನ ಪೂರ್ತಿ ಬಿಗಿದು ಕೆಳಗಿಳಿಸ್ತಾರೆ. ರಬ್ಬರ್ ಬುಷ್ ಅಲ್ಲೇ ಹಿಡ್ಕೊಂಡು, ಗಾಡಿ ಇಳಿದ ಮೇಲೆ ಜೀವಮಾನ ಪೂರ್ತಿ ತಿರುಚಿಕೊಂಡೇ ಇರುತ್ತೆ. ಗಡಸು ಹೆಚ್ಚುತ್ತೆ, ಬುಷ್ ಬೇಗ ಹರೀತವೆ. ಗಾಡಿ ನೆಲದ ಮೇಲೆ ಇಳಿದು, ನಾಲ್ಕು ಸಲ ಕುಲುಕಿಸಿ ಆದಮೇಲೆ ಕೊನೆಯ ಬಿಗಿತ ಕೊಡಬೇಕು. ಯು-ಬೋಲ್ಟ್‌ಗಳನ್ನ ಒಂದು ಐನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ನೋಡಬೇಕು. ಪಾಲಿಯುರೆಥೇನ್ ಬುಷ್ ಅಂತ ಕೆಂಪು ಹಳದಿ ಬಣ್ಣದವು ಬರ್ತವಲ್ಲ, ಬಾಳಿಕೆ ಬರ್ತವೆ ನಿಜ. ಆದ್ರೆ ಹಿತಕ್ಕೆ ಹಳೇ ಕಪ್ಪು ರಬ್ಬರೇ ವಾಸಿ.

ಹೊಸ ಗಾಡಿಗಳ ಕಥೆ ಸ್ವಲ್ಪ ಬೇರೆ. 2010ರಲ್ಲಿ ಬಂದ ಥಾರ್ ಸಿಆರ್‌ಡಿಇ ಗಾಡಿಗೆ ಮುಂದೆ ಟಾರ್ಷನ್ ಬಾರ್. ಒಂದು ಬೋಲ್ಟ್ ತಿರುಗಿಸಿದ್ರೆ ಮೂತಿ ಮೇಲೇಳುತ್ತೆ, ಪುಕ್ಕಟೆ ಲಿಫ್ಟು! ಹಾಗೆ ತಿರುಗಿಸಿದ್ರೆ ಬಾರ್ ಗಟ್ಟಿ ಆಗುತ್ತೆ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅದು ಅಷ್ಟಾಗಿ ಗಟ್ಟಿ ಆಗಲ್ಲ. ಆಗೋದು ಏನಂದ್ರೆ, ಕಂಟ್ರೋಲ್ ಆರ್ಮು ಕೆಳಗಿಳಿದು ಇಳಿಯೋ ಕಡೆಯ ರಬ್ಬರ್ ಸ್ಟಾಪಿಗೆ ಹತ್ತಿರ ಬಂದು ಕೂರುತ್ತೆ. ಚಕ್ರ ಗುಂಡಿಗೆ ಇಳಿಯೋಕೆ ಜಾಗವೇ ಉಳಿಯಲ್ಲ. ಪ್ರತಿ ಗುಂಡಿಗೂ "ಟಕ್" ಅಂತ ಒಂದು ಸದ್ದು ಬರುತ್ತಲ್ಲ, ಅದೇ ಇದು. ಇದಕ್ಕೆ ಔಷಧಿ ಒಂದೇ, ತಿರುಗಿಸಿದ್ದನ್ನ ಅರ್ಧ ವಾಪಸ್ ತಿರುಗಿಸೋದು.

2020ರ ಥಾರ್‌ನಲ್ಲಿ ನಾಲ್ಕೂ ಕಡೆ ಕಾಯಿಲ್, ಮುಂದೆ ಇಂಡಿಪೆಂಡೆಂಟ್. 2023ರಲ್ಲಿ ನಮ್ಮಲ್ಲಿಗೆ ಬಂದ ಜಿಮ್ನಿಗೂ ಕಾಯಿಲ್ಲೇ, ಆದ್ರೆ ಎರಡೂ ಕಡೆ ಗಟ್ಟಿ ಆಕ್ಸಲ್. ಇವಕ್ಕೆ ಸ್ಪೇಸರ್ ಬಿಲ್ಲೆ ಇಟ್ಟು ಎತ್ತೋದು ರೂಢಿ. ಸ್ಪೇಸರ್ ಸ್ಪ್ರಿಂಗನ್ನ ಗಟ್ಟಿ ಮಾಡಲ್ಲ, ಅಷ್ಟರಮಟ್ಟಿಗೆ ಪ್ಲೇಟ್ ಹಾಕೋದಕ್ಕಿಂತ ಮೇಲು. ಒಂದು ಇಂಚಿನ ತನಕ ನನಗೆ ಅಭ್ಯಂತರ ಇಲ್ಲ. ಅದಕ್ಕಿಂತ ಮೇಲೆ ಹೋದ್ರೆ ಥಾರ್‌ನಲ್ಲಿ ಮುಂದಿನ ಸಿ.ವಿ. ಜಾಯಿಂಟ್ ಕೋನ ಹೆಚ್ಚುತ್ತೆ. ಜಿಮ್ನಿಯಲ್ಲಿ ಆಕ್ಸಲನ್ನ ಅಡ್ಡಕ್ಕೆ ಹಿಡಿಯೋ ರಾಡು ಅದನ್ನ ಒಂದು ಪಕ್ಕಕ್ಕೆ ಎಳೆಯುತ್ತೆ, ಕ್ಯಾಸ್ಟರೂ ಕಡಿಮೆ ಆಗುತ್ತೆ. ಶಾಕ್ ಹಳೇದೇ ಉಳಿಸಿದ್ರೆ ಇಲ್ಲೂ ಅದೇ ಇಳಿಯೋ ಜಾಗದ ಕೊರತೆ.

ಶಾಕ್ ಅಬ್ಸಾರ್ಬರ್. ನಮ್ಮ ಜನಕ್ಕೆ ಎಲ್ಲಾ ರೋಗಕ್ಕೂ ಇದೇ ಮದ್ದು. ಗಾಡಿ ಎತ್ತಿಹಾಕ್ತಿದೆಯಾ, ದುಬಾರಿ ಗ್ಯಾಸ್ ಶಾಕ್ ಹಾಕ್ಸು! ಶಾಕ್ ಗಾಡಿಯ ಭಾರ ಹೊರಲ್ಲ. ಸ್ಪ್ರಿಂಗ್ ಕುಣಿಯೋಕೆ ಶುರು ಮಾಡಿದ್ಮೇಲೆ ಅದನ್ನ ನಿಲ್ಲಿಸೋದಷ್ಟೇ ಅದರ ಕೆಲಸ. ಸ್ಪ್ರಿಂಗ್ ಎರಡು ಪಟ್ಟು ಗಟ್ಟಿ ಆದ್ರೆ ಶಾಕ್ ಸುಮಾರು 1.4 ಪಟ್ಟು ಬಿಗಿ ಬೇಕಾಗುತ್ತೆ. ಹಾಗೆ ಬಿಗಿ ಶಾಕ್ ಹಾಕಿದ್ರೆ ಕುಣಿತ ನಿಲ್ಲುತ್ತೆ, ಆದ್ರೆ ಸಣ್ಣ ಕಲ್ಲಿನ ಏಟೂ ನೇರ ಸೀಟಿಗೆ ಬರುತ್ತೆ. ಗಟ್ಟಿ ಸ್ಪ್ರಿಂಗ್ ಇಟ್ಟುಕೊಂಡು ಶಾಕ್ ಬದಲಾಯಿಸ್ತಾ ಹೋಗೋದು ಅಂದ್ರೆ ಉಪ್ಪು ಜಾಸ್ತಿಯಾದ ಸಾರಿಗೆ ಖಾರ ಹಾಕ್ತಾ ಹೋದ ಹಾಗೆ.

ಶಾಕ್ ಆರಿಸುವಾಗ ಬ್ರ್ಯಾಂಡಿಗಿಂತ ಮೊದಲು ನೋಡಬೇಕಾದ್ದು ಉದ್ದ. ಚಕ್ರ ಪೂರ್ತಿ ಜೋತಾಗ ಎಷ್ಟು, ಪೂರ್ತಿ ಮೇಲೆದ್ದು ಬಂಪ್ ಸ್ಟಾಪ್ ಒತ್ತಿದಾಗ ಎಷ್ಟು, ಎರಡನ್ನೂ ಅಳೆದು ಆ ಮಧ್ಯೆ ಆರಾಮಾಗಿ ಓಡಾಡೋ ಶಾಕ್ ತರಬೇಕು. ಎತ್ತಿದ ಗಾಡಿಗೆ ಹಳೇ ಶಾಕ್ ಉಳಿಸಿದ್ರೆ ಅದು ಹೆಚ್ಚುಕಮ್ಮಿ ಪೂರ್ತಿ ಎಳೆದುಕೊಂಡೇ ನಿಂತಿರುತ್ತೆ, ಚಕ್ರವನ್ನ ಹಗ್ಗ ಕಟ್ಟಿ ಹಿಡಿದ ಹಾಗೆ. ನಿಮ್ಮ ಶಾಕ್ ಕೆಲಸ ಮಾಡ್ತಿದೆಯಾ ಅಂತ ನೋಡೋಕೆ ಹಿಂದೆ ಬರೋ ಗಾಡಿಯಿಂದ ಒಬ್ಬರು ಮೊಬೈಲಲ್ಲಿ ವಿಡಿಯೋ ಮಾಡಲಿ. ಹಂಪ್ ದಾಟಿದ ಮೇಲೆ ಒಂದು ಸಲ ಎದ್ದು ಇಳಿದು ನಿಂತ್ರೆ ಸರಿ. ಮೂರು ನಾಲ್ಕು ಸಲ ತಲೆ ಆಡಿಸಿದ್ರೆ ಶಾಕ್ ಸತ್ತಿದೆ. ತಲೆ ಆಡಿಸದೆ ಟೈರೇ ನೆಲ ಬಿಟ್ಟು ಹಾರಿದ್ರೆ ಸ್ಪ್ರಿಂಗೋ ಶಾಕೋ ಅತಿ ಗಟ್ಟಿ.

ಬಂಪ್ ಸ್ಟಾಪ್ ಪಾಪ ಯಾರ ಕಣ್ಣಿಗೂ ಬೀಳಲ್ಲ. ಎಷ್ಟೋ ಜೀಪಲ್ಲಿ ಅದು ಒಣಗಿ ಕಲ್ಲಾಗಿರುತ್ತೆ, ಇಲ್ಲಾ ಉದುರಿಹೋಗಿ ಬರೀ ಕಬ್ಬಿಣದ ಬಟ್ಟಲು ಉಳಿದಿರುತ್ತೆ. ದೊಡ್ಡ ಏಟು ಬೆನ್ನಿಗೆ ಬರೋದು ಅಲ್ಲಿಂದ. ಚಪಾತಿ ಹಿಟ್ಟಿನ ಉಂಡೆ ಒಂದನ್ನ ಬಂಪ್ ಸ್ಟಾಪಿಗೆ ಅಂಟಿಸಿ ನಿಮ್ಮ ಮಾಮೂಲಿ ದಾರಿಯಲ್ಲಿ ಹೋಗಿಬನ್ನಿ. ಉಂಡೆ ಚಪ್ಪಟೆ ಆಗಿದ್ರೆ ಆಕ್ಸಲ್ ಅಲ್ಲಿಗೆ ತಾಗ್ತಿದೆ ಅಂತ ಅರ್ಥ. ಆಗ ಸ್ಪ್ರಿಂಗ್ ಗಟ್ಟಿ ಮಾಡೋಕೆ ಓಡಬೇಡಿ. ಉದ್ದವಾದ, ನಿಧಾನಕ್ಕೆ ಒತ್ತಿಕೊಳ್ಳೋ ಫೋಮಿನಂಥ ಬಂಪ್ ಸ್ಟಾಪ್ ಹಾಕಿಸಿ. ಕೊನೆಯ ಎರಡು ಇಂಚು ಅದು ನೋಡಿಕೊಳ್ಳುತ್ತೆ, ಉಳಿದದ್ದು ಮೆತ್ತಗೇ ಇರಲಿ.

ಟೈರ್ ಕಥೆಯನ್ನ ನಿಜಕ್ಕೂ ಮೊದಲೇ ಹೇಳಬೇಕಿತ್ತು, ಯಾಕಂದ್ರೆ ಇದು ಬಿಟ್ಟಿ. ಲಿಫ್ಟ್ ಮಾಡಿಸಿದವರು ದಪ್ಪ ಮಡ್ ಟೈರ್ ಹಾಕೇ ಹಾಕ್ತಾರೆ. ಆ ಟೈರುಗಳಲ್ಲಿ ಹಲವು ಭಾರದ ಗಾಡಿಗೆ ಅಂತ ಮಾಡಿದ್ದು, ಪಕ್ಕದ ಗೋಡೆ ದಪ್ಪ. ಸುಮಾರು ಒಂದು ಟನ್ ತೂಗೋ ಜಿಪ್ಸಿಗೆ ಅದನ್ನ ಹಾಕಿ ಪಂಚರ್ ಅಂಗಡಿಯವನು 35 ಹೊಡೆದ್ರೆ ಟೈರ್ ಬಂಡೆ ಆಗದೆ ಇನ್ನೇನಾಗುತ್ತೆ? ಬಾಗಿಲ ಮೇಲೆ ಬರೆದ ಗಾಳಿ ಲೆಕ್ಕ ಕಂಪನಿ ಟೈರಿಗೆ, ನಿಮ್ಮ ಟೈರಿಗಲ್ಲ. ಟೈರಿಗೆ ಅಡ್ಡಡ್ಡಲಾಗಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ. ಮಧ್ಯದಲ್ಲಿ ಮಾತ್ರ ಅಳಿಸಿದ್ರೆ ಗಾಳಿ ಜಾಸ್ತಿ, ಅಂಚಲ್ಲಿ ಮಾತ್ರ ಅಳಿಸಿದ್ರೆ ಕಡಿಮೆ. ಅಗಲಕ್ಕೂ ಸಮ ಅಳಿಸೋ ತನಕ ಎರಡೆರಡು ಪಿಎಸ್ಐ ಇಳಿಸ್ತಾ ಬನ್ನಿ. ಕಾಡುದಾರಿಯಲ್ಲಿ ನಿಧಾನಕ್ಕೆ ಹೋಗುವಾಗ ಹದಿನೆಂಟರ ತನಕ ಇಳಿಸಬಹುದು, ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು. ಕಡಿಮೆ ಗಾಳಿಯಲ್ಲಿ ಜೋರಾಗಿ ಓಡಿಸಿದ್ರೆ ಟೈರ್ ಕಾದು ಸಿಡಿಯುತ್ತೆ, ಅದು ತಮಾಷೆ ಅಲ್ಲ. ಟೈರ್ ಮತ್ತೆ ರಿಮ್ಮಿನ ತೂಕವನ್ನೂ ನೋಡಿ. ಭಾರದ ಚಕ್ರ ಒಮ್ಮೆ ಮೇಲಕ್ಕೆ ಹಾರಿದ್ರೆ ಅದನ್ನ ಹಿಡಿದು ನಿಲ್ಲಿಸೋದು ಶಾಕಿಗೆ ಕಷ್ಟ.

ಇಷ್ಟೆಲ್ಲ ಮಾಡಿಯೂ ಕೆಲವು ಗಾಡಿಗಳು ಕುದುರೆ ಥರ ಮುಂದಕ್ಕೆ ಹಿಂದಕ್ಕೆ ತೂಗ್ತವೆ. ಇದಕ್ಕೆ ಕಾರಣ 1930ರ ದಶಕದಲ್ಲೇ ಗೊತ್ತಾಗಿತ್ತು. ಮೊದಲು ರೋಲ್ಸ್ ರಾಯ್ಸ್‌ನಲ್ಲಿದ್ದು ಆಮೇಲೆ ಅಮೆರಿಕದ ಜನರಲ್ ಮೋಟಾರ್ಸ್ ಸೇರಿದ ಮೌರಿಸ್ ಓಲಿ ಅನ್ನೋ ಇಂಜಿನಿಯರ್, ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆತ್ತಗಿರಬೇಕು ಅಂತ ಪ್ರಯೋಗ ಮಾಡಿ ತೋರಿಸಿದ. ದಿಣ್ಣೆ ಮೊದಲು ಸಿಗೋದು ಮುಂದಿನ ಚಕ್ರಕ್ಕೆ. ಹಿಂದಿನದು ತಡವಾಗಿ ಎದ್ದರೂ ಸ್ವಲ್ಪ ಬೇಗ ತೂಗಿ ಮುಂದಿನದರ ಜೊತೆ ಕೂಡಿಕೊಳ್ಳುತ್ತೆ, ಗಾಡಿ ಮಟ್ಟಸವಾಗಿ ಮೇಲೆ ಕೆಳಗೆ ಆಗಿ ನಿಲ್ಲುತ್ತೆ. ನಾವೇನು ಮಾಡ್ತೀವಿ? ಮುಂದೆ ಕಬ್ಬಿಣದ ಬಂಪರು, ಅದರ ಮೇಲೆ ವಿಂಚು, ಆ ಭಾರಕ್ಕೆ ಮೂತಿ ಇಳೀತು ಅಂತ ಮುಂದೆ ಇನ್ನೊಂದು ಪ್ಲೇಟು. ಆಮೇಲೆ ವಿಂಚ್ ಬಿಚ್ಚಿಟ್ಟರೂ ಪ್ಲೇಟ್ ಹಾಗೇ ಇರುತ್ತೆ. ಮುಂದೆ ಗಟ್ಟಿ, ಹಿಂದೆ ಮೆತ್ತಗೆ, ಪೂರ್ತಿ ಉಲ್ಟಾ. ಗಿಡ್ಡ ಗಾಡಿಗಳಲ್ಲಿ ಇದು ಇನ್ನೂ ಜೋರು. ಅದರಲ್ಲೂ ಹಿಂದಿನ ಆಕ್ಸಲ್ ಮೇಲೆ ಅಡ್ಡ ಬೆಂಚಿನಲ್ಲಿ ಕೂತವರಿಗೆ ಏಟು ಎರಡರಷ್ಟು. ವಯಸ್ಸಾದವರನ್ನ, ಬಸುರಿಯರನ್ನ ಡ್ರೈವರ್ ಪಕ್ಕದ ಸೀಟಲ್ಲೇ ಕೂರಿಸಿ. ಬೆಂಚಿಗೆ ಒಳ್ಳೇ ಫೋಮ್ ಹಾಕಿಸೋದಕ್ಕೂ ನಾಚಿಕೆ ಪಡಬೇಡಿ.

"ಅಲ್ಲಾ ಮಾರಾಯ, ಮೂಟೆ ಹೊರೋ ಗಾಡಿಗೆ ಮೆತ್ತಗೆ ಮಾಡಿದ್ರೆ ನೆಲಕ್ಕೆ ಕೂರಲ್ವಾ?" ಅಂತ ಊರಿನವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಹತ್ತು ಮೂಟೆ ಕಾಫಿ ಅಂದ್ರೆ ಐನೂರು ಕಿಲೋ, ಹುಡುಗಾಟ ಅಲ್ಲ. ಅದಕ್ಕೆ ಹೆಲ್ಪರ್ ಪ್ಲೇಟ್ ಅಂತ ಇದೆ. ಸೆಟ್ಟಿನ ಕೆಳಗೆ ಬಾಗಿಲ್ಲದ ಚಪ್ಪಟೆ ದಪ್ಪ ಪ್ಲೇಟು. ಖಾಲಿ ಗಾಡಿಯಲ್ಲಿ ಅದರ ತುದಿ ಮೇಲಿನ ಪ್ಲೇಟಿಗೆ ತಾಗಲ್ಲ, ಭಾರ ಬಿದ್ದು ಸ್ಪ್ರಿಂಗ್ ಬಗ್ಗಿದಾಗ ಮಾತ್ರ ಕೆಲಸಕ್ಕೆ ಬರುತ್ತೆ. ಮೂಟೆ ಇದ್ದ ದಿನ ಗಟ್ಟಿ, ಇಲ್ಲದ ದಿನ ಮೆತ್ತಗೆ. ವರ್ಷದಲ್ಲಿ ಎರಡು ತಿಂಗಳ ಕೊಯ್ಲಿಗೋಸ್ಕರ ಉಳಿದ ಹತ್ತು ತಿಂಗಳು ಮನೆಮಂದಿಯೆಲ್ಲ ಏಟು ತಿನ್ನೋದು ಯಾವ ನ್ಯಾಯ?

ಇನ್ನು ಆಫ್‌ರೋಡ್ ಮಾಡೋ ಹುಡುಗರಿಗೆ ಒಂದು ಮಾತು. ಗಟ್ಟಿ ಗಾಡಿ ಕಾಡಲ್ಲಿ ಚೆನ್ನಾಗಿ ಹತ್ತುತ್ತೆ ಅನ್ನೋದೂ ಸುಳ್ಳು. ಕೊರಕಲಲ್ಲಿ ಓರೆಯಾಗಿ ನಿಂತಾಗ ಗಟ್ಟಿ ಸ್ಪ್ರಿಂಗಿನ ಗಾಡಿ ಎರಡು ಚಕ್ರ ಗಾಳಿಯಲ್ಲಿ ಎತ್ತಿ ನಿಲ್ಲುತ್ತೆ. ಡಿಫರೆನ್ಷಿಯಲ್ ಲಾಕ್ ಇಲ್ಲದಿದ್ರೆ ಆ ಎರಡೂ ಸುಮ್ಮನೆ ಸುತ್ತುತ್ತವೆ. ಫೋಟೋಗೆ ಚೆನ್ನಾಗಿರುತ್ತೆ, ಗಾಡಿ ಮುಂದೆ ಹೋಗಲ್ಲ. ಮೆತ್ತಗಿನ ಸ್ಪ್ರಿಂಗಲ್ಲಿ ಚಕ್ರ ಕೆಳಗಿಳಿದು ನೆಲ ಹುಡುಕಿಕೊಳ್ಳುತ್ತೆ. ಹಿತವಾದ ಸವಾರಿಗೂ ಹಿಡಿತಕ್ಕೂ ಬೇಕಾದ್ದು ಒಂದೇ.

ಹಾಗಾದ್ರೆ ಎಷ್ಟು ಎತ್ತಬೇಕು? ನನ್ನನ್ನ ಕೇಳಿದ್ರೆ ಬೇಕಾದ ಟೈರ್ ಮಡ್‌ಗಾರ್ಡಿಗೆ ಉಜ್ಜದಷ್ಟು, ಅಷ್ಟೇ. ಬಹಳ ಗಾಡಿಗಳಿಗೆ ಒಂದೂವರೆ ಇಂಚು ಸಾಕು. ನೆನಪಿರಲಿ, ಗಟ್ಟಿ ಆಕ್ಸಲ್ ಇರೋ ಗಾಡಿಯಲ್ಲಿ ಸ್ಪ್ರಿಂಗ್ ಎತ್ತಿದ್ರೆ ಆಕ್ಸಲಿನ ಉಂಡೆ ಮೇಲೇಳಲ್ಲ, ಬಾಡಿ ಮಾತ್ರ ಏಳೋದು. ಕಲ್ಲಿಗೆ ತಾಗೋದು ಆ ಉಂಡೆಯೇ, ಅದನ್ನ ಎತ್ತೋದು ಟೈರ್ ಮಾತ್ರ. ನಾಲ್ಕೈದು ಇಂಚೇ ಬೇಕು ಅನ್ನೋರು ಸ್ಪ್ರಿಂಗನ್ನ ಆಕ್ಸಲಿನ ಕೆಳಗಿಂದ ತೆಗೆದು ಮೇಲೆ ಕೂರಿಸ್ತಾರೆ. ಮೆತ್ತಗಿನ ಸ್ಪ್ರಿಂಗೇ ಉಳಿಯುತ್ತೆ, ಸವಾರಿ ಚೆನ್ನಾಗೇ ಇರುತ್ತೆ. ಆದ್ರೆ ಆಕ್ಸಲ್ ತಿರುಚೋದು, ಸ್ಟೀರಿಂಗ್ ರಾಡು, ಪ್ರೊಪೆಲ್ಲರ್ ಶಾಫ್ಟಿನ ಕೋನ, ಬ್ರೇಕ್ ಹೋಸಿನ ಉದ್ದ, ಎಲ್ಲಾ ಸರಿ ಮಾಡಬೇಕು. ಅರ್ಧಂಬರ್ಧ ಮಾಡಿದ್ರೆ ಜೀವಕ್ಕೇ ಅಪಾಯ. ಗಾಡಿ ಎತ್ತರ ಆದಷ್ಟೂ ತಿರುವಿನಲ್ಲಿ ಮಗುಚೋ ಸಾಧ್ಯತೆಯೂ ಏರುತ್ತೆ, ಘಾಟಿ ರಸ್ತೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಮಾರ್ಪಾಡು ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಎತ್ತಿದ ಮೇಲೆ ಹೆಡ್‌ಲೈಟನ್ನ ಕೆಳಕ್ಕೆ ಹೊಂದಿಸಿ, ಎದುರಿಗೆ ಬರೋರ ಶಾಪ ಬೇಡ.

ನನ್ನ ಕೈಗೆ ಯಾರಾದ್ರೂ ಎತ್ತಿಹಾಕೋ ಗಾಡಿ ಕೊಟ್ರೆ ಮೊದಲ ದಿನ ಗಾಳಿ ಇಳಿಸಿ ಸೀಮೆಸುಣ್ಣದ ಗೆರೆ ನೋಡ್ತೀನಿ. ಎರಡನೇ ದಿನ ಟೇಪ್ ಹಿಡಿದು ಸ್ಪ್ರಿಂಗ್ ಎಷ್ಟು ಬಗ್ಗಿದೆ, ಶಾಕ್ ಎಷ್ಟು ಎಳೆದಿದೆ, ಶ್ಯಾಕಲ್ ಯಾವ ಕಡೆ ವಾಲಿದೆ ಅಂತ ಬರ್ಕೊಳ್ತೀನಿ. ಆಮೇಲೆ ಹೆಚ್ಚುವರಿ ಪ್ಲೇಟ್ ಬಿಚ್ಚಿಸಿ, ಸೆಟ್ ತೊಳೆದು ಕಟ್ಟಿಸ್ತೀನಿ. ದುಡ್ಡು ಬಿಚ್ಚೋದು ಅದಾದ ಮೇಲೆ, ಮೊದಲು ಸರಿಯಾದ ಉದ್ದದ ಶಾಕಿಗೆ, ಆಮೇಲೆ ಉಳಿದ್ರೆ ಸ್ಪ್ರಿಂಗಿಗೆ. ನಿಮ್ಮ ಗಾಡಿ ಯಾವುದು, ಜೋತಾಗ ಎಷ್ಟು ನಿಂತಾಗ ಎಷ್ಟು ಅಂತ ಅಳೆದು ಬರೆದು ಕಳಿಸಿ. ಮುಂದೆ ಹಿಂದೆ ಎರಡೂ ಕಡೆಯದ್ದು ಬೇಕು, ಮತ್ತೆ ಅಳೆಯುವಾಗ ಡಿಕ್ಕಿಯಲ್ಲಿ ಏನೇನಿತ್ತು ಅನ್ನೋದೂ :-)